ಪ್ರತಿಕಾಯ ಕಾಣದಿದ್ದರೆ ಲಸಿಕೆ ವ್ಯರ್ಥವೇ? ಜಾನುವಾರು ಲಸಿಕೆ ಮತ್ತು ಜೀವಕೋಶಗಳ ಪ್ರತಿರಕ್ಷೆಯ ಕುರಿತು ಚರ್ಚೆ

ಹಾಲು ಸಂಘದ ಕಾರ್ಯದರ್ಶಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ವ್ಯಾಪ್ತಿಯಲ್ಲಿ ಈಚೆಗೆ ಒಂದು ಗೊಂದಲ ಎದ್ದಿದೆ. ಚರ್ಮಗಂಟು ರೋಗದ ಲಸಿಕೆ ಹಾಕಿಸಿದ ಕೆಲವು ಸದಸ್ಯರು ತಮ್ಮ ಆಕಳುಗಳ ರಕ್ತವನ್ನು ಸ್ವಂತ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿದರು. ಕೆಲವು ಆಕಳುಗಳಲ್ಲಿ ರೋಗದ ವಿರುದ್ಧ ರಕ್ತದಲ್ಲಿ ಏಳುವ ಪ್ರತಿಕಾಯ ಪತ್ತೆಯಾಗಿಲ್ಲ ಎಂದು ವರದಿ ಬಂದಿತು. ಆ ಕಾಗದ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹೋಗಿ, ಈಗ ಕಾಲುಬಾಯಿ ಜ್ವರದ ಲಸಿಕೆಯನ್ನೂ ಬೇಡ ಎನ್ನುವವರಿದ್ದಾರೆ. ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಹಾಲು ಇಳಿಯುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದಾರೆ; ಲಾಭ ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಹೀಗಾಗಿ ಅವರಿಗೆ ಒಪ್ಪಿಸುವುದು ಕಷ್ಟವಾಗಿದೆ.

ನನ್ನ ಪ್ರಶ್ನೆಗಳು ಇಷ್ಟು. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಚುಚ್ಚಬೇಕು, ಗರ್ಭಪಾತ ತರುವ ಕಂದು ರೋಗಕ್ಕೆ ಜೀವಮಾನದಲ್ಲಿ ಒಂದೇ ಸಲ ಸಾಕು ಎನ್ನುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಪ್ರತಿಕಾಯ ಇಲ್ಲವೆಂಬ ವರದಿ ಬಂದರೆ ಆಕಳಿಗೆ ರಕ್ಷಣೆ ಇಲ್ಲವೆಂದೇ ತಿಳಿಯಬೇಕೆ? ‘ಇಲಾಖೆ ಹೇಳಿದೆ, ಹಾಕಿಸಿ’ ಎಂಬ ಉತ್ತರದಿಂದ ನಮ್ಮ ಸದಸ್ಯರಿಗೆ ಸಮಾಧಾನವಾಗುವುದಿಲ್ಲ. ಬಲ್ಲವರು ಬುಡದಿಂದ ತಿಳಿಸಿಕೊಡಬೇಕು.

ನಿವೃತ್ತ ಪಶುವೈದ್ಯ, ಕುಮಟಾ

ಕಾರ್ಯದರ್ಶಿಗಳೇ, ಮೊದಲು ಚರ್ಮಗಂಟಿನ ಮಾತನ್ನೇ ಮುಗಿಸೋಣ. ಈ ರೋಗ ಭಾರತದಲ್ಲಿ ಮೊದಲು ಪತ್ತೆಯಾದದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಅದು ದೇಶದ ತುಂಬ ಹಬ್ಬಿ ಲಕ್ಷಕ್ಕೂ ಮೀರಿ ದನಗಳು ಸತ್ತವು. ಆಗ ನಮ್ಮಲ್ಲಿ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಕುರಿ ಸಿಡುಬು, ಮೇಕೆ ಸಿಡುಬು, ಚರ್ಮಗಂಟು, ಈ ಮೂರರ ವೈರಸ್‌ಗಳು ಒಂದೇ ಕುಲದವು ಮತ್ತು ಬಹಳ ಹತ್ತಿರದವು. ಆದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೂ ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಜೊತೆಗೂಡಿ, ರಾಂಚಿಯಲ್ಲಿ ಸಿಕ್ಕ ವೈರಸನ್ನೇ ದುರ್ಬಲಗೊಳಿಸಿ ಸಿದ್ಧಪಡಿಸಿದ ಲಸಿಕೆಯನ್ನು ಹೊರತಂದಿತು.

ಈ ಕುಲದ ವೈರಸ್‌ಗಳಿಗೆ ಲಸಿಕೆ ಹಾಕಿದ ಮೇಲೆ ಎಷ್ಟೋ ಪಶುಗಳಲ್ಲಿ ಪ್ರತಿಕಾಯದ ಮಟ್ಟ ಸಾಮಾನ್ಯ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇರುತ್ತದೆ. ಅಂಥ ಪಶುಗಳಿಗೆ ಬೇಕೆಂದೇ ರೋಗದ ವೈರಸ್ ಚುಚ್ಚಿ ನೋಡಿದರೂ ರೋಗ ಬಾರದೆ ಉಳಿದದ್ದುಂಟು. ಅವುಗಳನ್ನು ಕಾಯುವುದರಲ್ಲಿ ಪ್ರತಿಕಾಯಕ್ಕಿಂತ ಜೀವಕೋಶಗಳ ಪಾಲು ದೊಡ್ಡದು. ಹಾಗಾಗಿ ನಿಮ್ಮ ಸದಸ್ಯರ ಕೈಯಲ್ಲಿರುವ ವರದಿ ಸುಳ್ಳಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಉಳಿದುದನ್ನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಹೇಳಿದರೆ ಚೆನ್ನ.

ಯಲ್ಲಾಪುರದವನು, ಈಗ ಬೆಂಗಳೂರು

ಡಾಕ್ಟರು ನನ್ನಂಥವರಿಗೆಂದೇ ಬಿಟ್ಟ ಭಾಗವನ್ನು ಮುಂದುವರಿಸುತ್ತೇನೆ. ನನ್ನ ಕೆಲಸ ದನಗಳ ಬಿಳಿ ರಕ್ತಕಣಗಳ ಮೇಲೆ.

ಯಾವ ರೋಗಕ್ಕೆ ಯಾವ ರಕ್ಷಣೆ ಬೇಕೆಂಬುದನ್ನು ನಿರ್ಧರಿಸುವುದು ರೋಗಾಣು ದೇಹದಲ್ಲಿ ಎಲ್ಲಿ ವಾಸವಾಗಿದೆ ಎಂಬ ಸಂಗತಿ. ಪ್ರತಿಕಾಯವೆಂದರೆ ಬಿ ಕೋಶಗಳು ತಯಾರಿಸಿ ರಕ್ತಕ್ಕೆ ಬಿಡುವ ಪ್ರೋಟೀನು. ಅದು ರಕ್ತದಲ್ಲಿ, ಲೋಳೆಯಲ್ಲಿ, ಹಾಲಿನಲ್ಲಿ ಹರಿದಾಡುತ್ತ ಎದುರಾದ ರೋಗಾಣುವಿಗೆ ಅಂಟಿಕೊಳ್ಳುತ್ತದೆ. ಆದರೆ ಜೀವಕೋಶದ ಒಳಗೆ ಹೊಕ್ಕು ಕುಳಿತ ರೋಗಾಣುವನ್ನು ಅದು ಮುಟ್ಟಲಾರದು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಳೆ ಮದ್ದು ಹೊಡೆಯುತ್ತೇವಲ್ಲ, ಮದ್ದು ಕಾಯಿಯ ಮೇಲ್ಮೈಯನ್ನು ಕಾಯುತ್ತದೆಯೇ ಹೊರತು ಒಳಗೆ ಇಳಿದ ಕೊಳೆಯನ್ನು ವಾಸಿ ಮಾಡುವುದಿಲ್ಲ. ಪ್ರತಿಕಾಯದ ಮಿತಿಯೂ ಅಂಥದ್ದೇ.

ಒಳಗೆ ಸೇರಿದ ರೋಗಾಣುವನ್ನು ಪತ್ತೆ ಹಚ್ಚುವುದು ಟಿ ಕೋಶಗಳ ಕೆಲಸ. ದೇಹದ ಬಹುತೇಕ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚೂರುಗಳನ್ನು ಮೇಲ್ಮೈಗೆ ತಂದು ತೋರಿಸುತ್ತಲೇ ಇರುತ್ತದೆ. ಆ ಚೂರುಗಳಲ್ಲಿ ಪರಕೀಯವಾದದ್ದು ಕಂಡರೆ ಸಿಡಿ8 ಎಂಬ ಗುರುತಿನ ಟಿ ಕೋಶಗಳು ಆ ಜೀವಕೋಶವನ್ನೇ ಕೊಲ್ಲುತ್ತವೆ. ಸಿಡಿ4 ಗುರುತಿನವು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ದ್ರವ್ಯವನ್ನು ಸ್ರವಿಸಿ, ರೋಗಾಣುವನ್ನು ನುಂಗಿಯೂ ಜೀರ್ಣಿಸಿಕೊಳ್ಳಲಾಗದೆ ಕುಳಿತ ಮ್ಯಾಕ್ರೋಫೇಜ್ ಕೋಶಗಳನ್ನು ಚುರುಕುಗೊಳಿಸುತ್ತವೆ. ಬಿ ಕೋಶಗಳಿಗೆ ಒಳ್ಳೆಯ, ಬಹುಕಾಲ ಬಾಳುವ ಪ್ರತಿಕಾಯ ತಯಾರಿಸಲು ನೆರವಾಗುವುದೂ ಈ ಸಿಡಿ4 ಕೋಶಗಳೇ.

ಈಗ ಕಾಲುಬಾಯಿ ಜ್ವರಕ್ಕೆ ಬರೋಣ. ಅದರ ಲಸಿಕೆಯಲ್ಲಿರುವುದು ಕೊಂದ ವೈರಸ್. ಕೊಂದ ವೈರಸ್ ಜೀವಕೋಶದ ಒಳಗೆ ಹೊಕ್ಕು ಬೆಳೆಯುವುದಿಲ್ಲವಾದ್ದರಿಂದ ಸಿಡಿ8 ಕೋಶಗಳಿಗೆ ಸರಿಯಾದ ಪಾಠವೇ ಆಗುವುದಿಲ್ಲ. ಪ್ರತಿಕಾಯ ಚೆನ್ನಾಗಿಯೇ ಏಳುತ್ತದೆ, ಈ ರೋಗವನ್ನು ತಡೆಯುವುದೂ ಮುಖ್ಯವಾಗಿ ಅದೇ, ಆದರೆ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಆರು ತಿಂಗಳ ಲೆಕ್ಕ ಬಂದದ್ದು ಅಲ್ಲಿಂದ. ಅದಲ್ಲದೆ ಈ ವೈರಸ್‌ನಲ್ಲಿ ಏಳು ಬಗೆಗಳಿವೆ, ಒಂದಕ್ಕೆ ಎದ್ದ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ. ನಮ್ಮ ದೇಶದ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳು ಸೇರಿರುತ್ತವೆ.

ಕಂದು ರೋಗದ ಕಥೆ ಬೇರೆ. ಬ್ರುಸೆಲ್ಲಾ ಎಂಬ ಆ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್‌ನ ಒಳಗೇ ಮನೆ ಮಾಡಿಕೊಳ್ಳುತ್ತದೆ. ಅಲ್ಲಿ ಪ್ರತಿಕಾಯದ ಆಟ ನಡೆಯದು, ಟಿ ಕೋಶಗಳೇ ಬೇಕು. ಅವುಗಳಿಗೆ ಪಾಠ ಹೇಳಲು ಜೀವಂತ, ಆದರೆ ದುರ್ಬಲವಾದ ತಳಿಯೇ ಬೇಕಾಯಿತು. ಎಸ್19 ಎಂಬ ಆ ತಳಿಯನ್ನು 1923ರಲ್ಲಿ ಅಮೆರಿಕದಲ್ಲಿ ಒಂದು ಜೆರ್ಸಿ ಆಕಳ ಹಾಲಿನಿಂದ ಬೇರ್ಪಡಿಸಿದ್ದರು. ಮೊದಲಿಗೆ ಅದು ರೋಗ ತರುವ ತಳಿಯೇ ಆಗಿತ್ತು. ಪ್ರಯೋಗಾಲಯದಲ್ಲಿ ವರ್ಷಕ್ಕೂ ಮೇಲ್ಪಟ್ಟು ಸಾಧಾರಣ ಉಷ್ಣತೆಯಲ್ಲೇ ಬಿದ್ದಿದ್ದ ಅದನ್ನು ಮತ್ತೆ ಪರೀಕ್ಷಿಸಿದಾಗ ಅದರ ಉಗ್ರತೆ ಕುಂದಿದ್ದು ಕಂಡುಬಂದಿತು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಒಮ್ಮೆ ಹಾಕಿದರೆ ಟಿ ಕೋಶಗಳ ನೆನಪು ಬಹುಕಾಲ ಉಳಿಯುತ್ತದೆ. ಗರ್ಭ ಕಟ್ಟಿದ ಆಕಳಿಗೆ ಹಾಕಿದರೆ ಕಂದು ಹಾಕುವ ಅಪಾಯವಿರುವುದರಿಂದ ವಯಸ್ಸಿನ ಕಟ್ಟುಪಾಡು ಇದೆ. ಲಸಿಕೆ ಹಾಕುವವರ ಕೈಗೆ ಸೂಜಿ ತಾಗಿದರೆ ಅವರಿಗೂ ಜ್ವರ ಬರಬಹುದು. ಕೈಗವಸು, ಕನ್ನಡಕ ತೊಡದೆ ಆ ಸೀಸೆಯನ್ನು ಯಾರೂ ತೆರೆಯಬಾರದು.

ಹೈನುಗಾರ್ತಿ, ಸಿದ್ದಾಪುರ

ಬರೆದದ್ದು ಅರ್ಥವಾಯಿತು, ಉಪಕಾರವಾಯಿತು. ನನ್ನ ಚಿಂತೆ ಉಣುಗಿನದು. ನಮ್ಮ ಕೊಟ್ಟಿಗೆಗೆ ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತರಲೇಬೇಕು, ಅದರ ಜೊತೆ ಉಣುಗೂ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಗರ್ಭ ಕಟ್ಟಿದ್ದ ಮಿಶ್ರತಳಿಯ ಮಣಕವೊಂದು ಜ್ವರ ಬಂದು ಮೇವು ಬಿಟ್ಟಿತು. ಭುಜದ ಮುಂದಿನ ಗಂಟು ನಿಂಬೆಹಣ್ಣಿನಷ್ಟು ದಪ್ಪವಾಯಿತು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತು. ಥೈಲೇರಿಯಾ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅದರ ಚುಚ್ಚುಮದ್ದಿನ ಬೆಲೆಯೂ ಕಡಿಮೆಯಲ್ಲ. ಅದೇ ಕೊಟ್ಟಿಗೆಯಲ್ಲಿ, ಅದೇ ಉಣುಗು ಕಚ್ಚಿಸಿಕೊಂಡ ಮಲೆನಾಡು ಗಿಡ್ಡಗಳಿಗೆ ಏನೂ ಆಗಲಿಲ್ಲ. ಈ ರೋಗಕ್ಕೆ ಲಸಿಕೆ ಇದೆಯೇ? ಇದ್ದರೆ ನಮ್ಮವರೆಗೆ ಏಕೆ ಬರುವುದಿಲ್ಲ? ಮಂಗನ ಕಾಯಿಲೆಯ ಭಯದಿಂದ ಮೊದಲೇ ಬೆಟ್ಟಕ್ಕೆ ಹೋಗಲು ಹೆದರುವ ಊರು ನಮ್ಮದು. ಉಣುಗಿನ ವಿಷಯದಲ್ಲಿ ದನಕ್ಕಾದರೂ ಒಂದು ಭದ್ರತೆ ಇದ್ದರೆ ಎಷ್ಟೋ ಸಮಾಧಾನ.

ಯಲ್ಲಾಪುರದವನು, ಈಗ ಬೆಂಗಳೂರು

ಅಕ್ಕಾ, ಮಣಕ ಹೋದದ್ದು ಕೇಳಿ ಬೇಸರವಾಯಿತು. ನೀವು ಎತ್ತಿದ ರೋಗ ನಮ್ಮ ವಿದ್ಯೆಗೆ ಅತ್ಯಂತ ಹತ್ತಿರದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಥೈಲೇರಿಯಾ ಒಂದು ಏಕಕೋಶ ಪರಾವಲಂಬಿ. ಉಣುಗಿನ ಜೊಲ್ಲಿನ ಮೂಲಕ ದನದ ದೇಹಕ್ಕೆ ಇಳಿದು, ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣದ ಒಳಗೇ ಸೇರಿಕೊಳ್ಳುತ್ತದೆ. ಸೇರಿಕೊಂಡು ಆ ಕಣವನ್ನು ನಿಲ್ಲದೆ ವಿಭಜನೆಯಾಗುವಂತೆ ಪ್ರಚೋದಿಸುತ್ತದೆ. ಕಣ ಎರಡಾಗುವಾಗ ತಾನೂ ಎರಡಾಗಿ ಎರಡೂ ಪಾಲಿನಲ್ಲಿ ಉಳಿಯುತ್ತದೆ. ಜೀವಕೋಶದಿಂದ ಹೊರಗೆ ಬರದೆಯೇ ಸಂಖ್ಯೆ ಹೆಚ್ಚಿಸಿಕೊಳ್ಳುವ ಇಂಥ ವೈರಿಗೆ ಪ್ರತಿಕಾಯ ಏನು ಮಾಡೀತು? ನೀವು ಕೈಯಿಂದ ಮುಟ್ಟಿ ನೋಡಿದ ಆ ಗಂಟು, ಹೀಗೆ ಬೆಳೆದ ಕಣಗಳಿಂದ ಊದಿಕೊಂಡ ದುಗ್ಧಗ್ರಂಥಿ.

ಟಿ ಕೋಶಗಳೇ ಕಾಯುತ್ತವೆ ಎಂಬುದನ್ನು ನೇರವಾಗಿ ತೋರಿಸಿದ ಒಂದು ಪ್ರಯೋಗವಿದೆ. ಆಫ್ರಿಕಾದಲ್ಲಿ ಥೈಲೇರಿಯಾ ಪಾರ್ವಾ ಎಂಬ ಸೋದರ ಪ್ರಭೇದದಿಂದ ಪೂರ್ವತೀರದ ಜ್ವರ ಬರುತ್ತದೆ. ನೈರೋಬಿಯ ಅಂತರರಾಷ್ಟ್ರೀಯ ಪ್ರಯೋಗಾಲಯದವರು ತದ್ರೂಪಿ ಅವಳಿ ಕರುಗಳನ್ನು ಆರಿಸಿಕೊಂಡರು. ಅವಳಿಗಳಲ್ಲಿ ಒಂದಕ್ಕೆ ಪ್ರತಿರಕ್ಷೆ ಬರಿಸಿ, ಅದರ ದುಗ್ಧಗ್ರಂಥಿಯಿಂದ ಹೊರಹರಿಯುವ ದ್ರವದಲ್ಲಿನ ಸಿಡಿ8 ಕೋಶಗಳನ್ನು ಬೇರ್ಪಡಿಸಿ, ಪ್ರತಿರಕ್ಷೆ ಇಲ್ಲದ ಇನ್ನೊಂದು ಕರುವಿಗೆ ಕೊಟ್ಟರು. ಆ ಕರು ಮಾರಕ ಪ್ರಮಾಣದ ಸೋಂಕನ್ನೂ ತಾಳಿ ಉಳಿಯಿತು. ಅವಳಿಗಳೇ ಏಕೆಂದರೆ ಬೇರೆ ಕರುವಿನ ಕೋಶಗಳನ್ನು ದೇಹ ಪರಕೀಯವೆಂದು ತಿರಸ್ಕರಿಸುತ್ತದೆ. 1994ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಹೊಸ ವಿದ್ಯಾರ್ಥಿಗಳಿಗೆಲ್ಲ ಓದಿಸುತ್ತೇನೆ, ಏಕೆಂದರೆ ರಕ್ಷಣೆಯನ್ನು ಕೋಶಗಳ ರೂಪದಲ್ಲಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಿ ತೋರಿಸಿದ ಮೇಲೆ ವಾದಕ್ಕೆ ಎಡೆಯಿಲ್ಲ.

ನಮ್ಮ ದೇಶದಲ್ಲಿ ಮುಖ್ಯವಾದದ್ದು ಥೈಲೇರಿಯಾ ಆನ್ಯುಲೇಟಾ. ಇದಕ್ಕೆ ಲಸಿಕೆ ಇದೆ, ಭಾರತದಲ್ಲೇ ತಯಾರಾಗುತ್ತದೆ. ಪರಾವಲಂಬಿ ಹೊಕ್ಕ ದನದ ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುತ್ತ ಹೋದರೆ ಅವು ರೋಗ ಹರಡುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅಂಗಾಂಶವನ್ನು ಕರಗಿಸಿ ದಾರಿ ಮಾಡಿಕೊಳ್ಳುವ ಕಿಣ್ವಗಳು ಅವುಗಳಲ್ಲಿ ಕುಂದಿರುತ್ತವೆ. ಆ ಜೀವಂತ ಕೋಶಗಳೇ ಲಸಿಕೆ. ಜೀವಂತ ಕೋಶವಾದ್ದರಿಂದ ಅದನ್ನು ಸಾಮಾನ್ಯ ಫ್ರಿಜ್‌ನಲ್ಲಿ ಇಡಲಾಗದು, ದ್ರವ ಸಾರಜನಕದಲ್ಲೇ ಇಡಬೇಕು. ಊರಿಗೆ ತಲುಪದಿರಲು ಇದೊಂದು ದೊಡ್ಡ ಕಾರಣ. ಆದರೆ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ದ್ರವ ಸಾರಜನಕದ ಕ್ಯಾನು ತಾಲ್ಲೂಕುಗಳಲ್ಲಿ ಈಗಾಗಲೇ ಓಡಾಡುತ್ತಿದೆ! ಅದೇ ವ್ಯವಸ್ಥೆಯಲ್ಲಿ ಈ ಲಸಿಕೆಗೂ ಜಾಗ ಮಾಡಿಕೊಳ್ಳಬಹುದೆಂದು ನನ್ನ ದೃಢ ಅಭಿಪ್ರಾಯ.

ಒಂದು ಎಚ್ಚರಿಕೆ ಹೇಳಲೇಬೇಕು. ಆನ್ಯುಲೇಟಾವನ್ನು ಹರಡುವುದು ಹಯಲೊಮ್ಮಾ ಎಂಬ ಉಣುಗು, ಅದು ಬಯಲುಸೀಮೆಯಲ್ಲಿ ಹೆಚ್ಚು. ಪಶ್ಚಿಮ ಘಟ್ಟದ ಕಾಡಿನಲ್ಲಿ ಹೆಚ್ಚಾಗಿರುವುದು ಹೀಮಾಫೈಸಾಲಿಸ್ ಕುಲದ ಉಣುಗು. ಮಂಗನ ಕಾಯಿಲೆ ಹರಡುವುದೂ ಇದೇ ಕುಲ. ಈ ಕುಲದ ಉಣುಗುಗಳು ಹರಡುವ ಥೈಲೇರಿಯಾ ಒರಿಯೆಂಟಾಲಿಸ್ ಎಂಬ ಮತ್ತೊಂದು ಪ್ರಭೇದ ದಕ್ಷಿಣ ಭಾರತದಲ್ಲಿ ಪತ್ತೆಯಾಗಿದೆ. ಅದು ಬಿಳಿ ರಕ್ತಕಣವನ್ನು ಹಾಗೆ ಬೆಳೆಸುವುದಿಲ್ಲ, ಕೆಂಪು ರಕ್ತಕಣಗಳನ್ನು ಹಾಳುಮಾಡಿ ರಕ್ತಹೀನತೆ ತರುತ್ತದೆ, ಆನ್ಯುಲೇಟಾದ ಲಸಿಕೆ ಅದನ್ನು ತಡೆಯುವುದಿಲ್ಲ. ಹಾಗಾಗಿ ಸಿದ್ದಾಪುರ, ಶಿರಸಿಯ ಕೊಟ್ಟಿಗೆಗಳಲ್ಲಿ ಇರುವುದು ಯಾವ ಪ್ರಭೇದ ಎಂದು ರಕ್ತದ ಲೇಪನ ಮತ್ತು ಪಿಸಿಆರ್ ಪರೀಕ್ಷೆಯಿಂದ ಮೊದಲು ಖಚಿತಪಡಿಸಿಕೊಳ್ಳಬೇಕು, ಲಸಿಕೆಯ ಬೇಡಿಕೆ ಅದರ ನಂತರ.

ಗಂಗಾವಳಿ ದಂಡೆಯಿಂದ, ಅಂಕೋಲಾ

ತಿಳಿದವರು ಬರೆಯುತ್ತಿದ್ದೀರಿ, ಗೌರವದಿಂದಲೇ ನನ್ನ ಭಿನ್ನಾಭಿಪ್ರಾಯ ಇಡುತ್ತೇನೆ. ಟಿ ಕೋಶ, ಸಿಡಿ8 ಎಂಬುದೆಲ್ಲ ಸರಿ. ಆದರೆ ನಮ್ಮಲ್ಲಿ ಲಸಿಕೆ ಸೋಲುವುದು ಇಂಥ ಸೂಕ್ಷ್ಮ ಕಾರಣಗಳಿಂದ ಅಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗ ಎಂದು ಹೇಳುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ನೋಡಿದ್ದೇವೆ. ಐಸು ಕರಗಿದ ಪೆಟ್ಟಿಗೆಯಲ್ಲಿ ಬಂದ ಲಸಿಕೆಯನ್ನು ಚುಚ್ಚಿ, ಆಮೇಲೆ ಜೀವಕೋಶಗಳ ಪ್ರತಿರಕ್ಷೆಯನ್ನು ಅಳೆಯುವುದರಲ್ಲಿ ಏನು ಅರ್ಥ? ಇದ್ದ ಹಣವನ್ನು ಶೀತಲ ಸರಪಳಿಗೆ ಹಾಕಲಿ. ಪ್ರತಿಕಾಯ ಪರೀಕ್ಷೆ ಅಗ್ಗ, ಸುಲಭ; ಅದನ್ನೇ ಸರಿಯಾಗಿ ಮಾಡಲಿ.

ನಿವೃತ್ತ ಪಶುವೈದ್ಯ, ಕುಮಟಾ

ಅಂಕೋಲಾದವರ ಮಾತಿನಲ್ಲಿ ಅರ್ಧ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕಾಲುಬಾಯಿ ಲಸಿಕೆಯಲ್ಲಿ ಕೆಲಸ ಮಾಡುವುದು ವೈರಸ್‌ನ ಇಡಿಯಾದ ಹೊರಕವಚ. ನಾವು ಅದನ್ನು 146ಎಸ್ ಕಣ ಎನ್ನುತ್ತೇವೆ. ಶಾಖ ತಾಗಿದರೆ ಅದು ಒಡೆದು 12ಎಸ್ ಚೂರುಗಳಾಗುತ್ತದೆ. ಚೂರಾದ ಮೇಲೆ ಪ್ರೋಟೀನು ಅಷ್ಟೇ ಇದ್ದರೂ ರಕ್ಷಣೆ ಕೊಡುವ ಪ್ರತಿಕಾಯ ಬಹಳ ಕಡಿಮೆ ಏಳುತ್ತದೆ. ಸೀಸೆಯನ್ನು ಕಣ್ಣಿನಿಂದ ನೋಡಿ ಇದನ್ನು ಪತ್ತೆ ಹಚ್ಚಲಾಗದು. ಎರಡರಿಂದ ಎಂಟು ಡಿಗ್ರಿಯ ನಡುವೆ ಇಡಬೇಕು, ಐಸಿನೊಳಗೆ ಹೆಪ್ಪುಗಟ್ಟಲೂ ಬಿಡಬಾರದು. ಕಾಲುಬಾಯಿಯ ಮಟ್ಟಿಗೆ ಪ್ರತಿಕಾಯ ಪರೀಕ್ಷೆಯೇ ಒಳ್ಳೆಯ ಅಳತೆಗೋಲು ಎಂಬುದೂ ನಿಜ. ಲಸಿಕೆಯಿಂದ ಬಂದ ಪ್ರತಿಕಾಯ ಯಾವುದು, ಸೋಂಕಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವ ಪರೀಕ್ಷೆಯನ್ನೂ ನಮ್ಮ ದೇಶದ ವಿಜ್ಞಾನಿಗಳು ರೂಪಿಸಿದ್ದಾರೆ. ಲಸಿಕೆಯನ್ನು ಶುದ್ಧೀಕರಿಸುವಾಗ ವೈರಸ್‌ನ ರಚನೆಗೆ ಸೇರದ ಪ್ರೋಟೀನುಗಳನ್ನು ತೆಗೆದುಹಾಕಿರುತ್ತಾರೆ. ಅವುಗಳ ವಿರುದ್ಧದ ಪ್ರತಿಕಾಯ ಕಂಡರೆ ಆ ದನಕ್ಕೆ ನಿಜವಾದ ವೈರಸ್ ತಗುಲಿತ್ತು ಎಂದರ್ಥ.

ಆದರೆ ಇನ್ನರ್ಧ ಭಾಗಕ್ಕೆ ಒಪ್ಪಿಗೆ ಇಲ್ಲ. ಒಂದು ರೋಗಕ್ಕೆ ಸರಿಯಾದ ಅಳತೆಗೋಲನ್ನು ಎಲ್ಲ ರೋಗಕ್ಕೂ ಬಳಸಿದ್ದರಿಂದಲೇ ಶಿರಸಿಯ ಸದಸ್ಯರಿಗೆ ಲಸಿಕೆಯ ಮೇಲಿನ ನಂಬಿಕೆ ಹೋದದ್ದು. ಶೀತಲ ಸರಪಳಿ ಬೇಕೋ ಜೀವಕೋಶಗಳ ಅಧ್ಯಯನ ಬೇಕೋ ಎಂದು ಕೇಳಿದರೆ ಎರಡೂ ಬೇಕು. ಸೆಪ್ಟೆಂಬರ್ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಕಾಲುಬಾಯಿ ಮತ್ತು ಕಂದು ರೋಗ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡಿದೆ, ಎರಡರ ಪ್ರತಿರಕ್ಷೆಯ ಸ್ವಭಾವವೇ ಬೇರೆ ಎಂದು ಮೇಲೆ ಓದಿದ್ದೀರಿ.

ಜೀವಶಾಸ್ತ್ರ ಬೋಧಕಿ, ಕಾರವಾರ

ಅಳೆಯುವುದು ಹೇಗೆ ಎಂಬ ಮಾತು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮೊದಲು ಒಂದು ಪಶುವೈದ್ಯಕೀಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೆ.

ಪ್ರತಿಕಾಯ ನೋಡಲು ಕೆಂಪು ಮುಚ್ಚಳದ ನಳಿಕೆಯಲ್ಲಿ ರಕ್ತ ತೆಗೆದು, ಹೆಪ್ಪುಗಟ್ಟಿದ ಮೇಲೆ ಮೇಲಿನ ತಿಳಿಯನ್ನು ಬೇರ್ಪಡಿಸಿ ಐಸಿನಲ್ಲಿಟ್ಟು ಕಳಿಸಿದರಾಯಿತು. ತಿಂಗಳುಗಟ್ಟಲೆ ಹೆಪ್ಪುಗಟ್ಟಿಸಿ ಇಟ್ಟರೂ ಕೆಡುವುದಿಲ್ಲ. ಜೀವಕೋಶಗಳನ್ನು ನೋಡಬೇಕಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ನಳಿಕೆ ಬೇಕು. ತುಂಬಿದ ಕೂಡಲೇ ನಿಧಾನವಾಗಿ ಹಲವು ಸಲ ಮೇಲೆ ಕೆಳಗೆ ಮಾಡಬೇಕು, ಕುಲುಕಬಾರದು. ಐಸಿನಲ್ಲಿ ಇಡಲೇಬಾರದು. ಅಭ್ಯಾಸಬಲದಿಂದ ಇದನ್ನೂ ಐಸಿನಲ್ಲಿಟ್ಟು ತರುವವರಿದ್ದಾರೆ. ತಣ್ಣಗಾದ ಬಿಳಿ ರಕ್ತಕಣಗಳು ಆಮೇಲೆ ಸರಿಯಾಗಿ ಪ್ರತಿಕ್ರಿಯಿಸುವುದಿಲ್ಲ, ಫಲಿತಾಂಶ ಸುಳ್ಳಾಗಿ ‘ಇಲ್ಲ’ ಎಂದು ಬರುತ್ತದೆ. ನೆರಳಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಇಟ್ಟು, ಸಾಧ್ಯವಾದಷ್ಟು ಅದೇ ದಿನ ಕೆಲಸ ಆರಂಭಿಸಬೇಕು.

ಪ್ರಯೋಗಾಲಯದಲ್ಲಿ ಎರಡು ದಾರಿಗಳಿವೆ. ಒಂದು, ರಕ್ತವನ್ನು 1.077 ಸಾಂದ್ರತೆಯ ದ್ರಾವಣದ ಮೇಲೆ ಕದಡದಂತೆ ಪದರವಾಗಿ ಸುರಿದು ಯಂತ್ರದಲ್ಲಿ ತಿರುಗಿಸುವುದು. ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ, ನಡುವೆ ಮಸುಕು ಬಿಳಿಯ ತೆಳುವಾದ ಉಂಗುರವೊಂದು ನಿಲ್ಲುತ್ತದೆ. ನಮಗೆ ಬೇಕಾದ ಟಿ ಕೋಶಗಳು ಆ ಉಂಗುರದಲ್ಲಿವೆ. ಅದನ್ನು ಪಿಪೆಟ್‌ನಿಂದ ಎತ್ತಿ, ತೊಳೆದು, ಯಾವ ಗುರುತಿನ ಕೋಶ ಎಷ್ಟು, ಯಾವುದು ಇಂಟರ್‌ಫೆರಾನ್ ಸ್ರವಿಸುತ್ತಿದೆ ಎಂದು ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಎಣಿಸಬಹುದು. ಇದು ದುಬಾರಿ, ನುರಿತ ಕೈ ಬೇಕು.

ಇನ್ನೊಂದು ದಾರಿ ಇಡೀ ರಕ್ತದ ಪರೀಕ್ಷೆ. ಸುಮಾರು 1990ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ದನಗಳ ಕ್ಷಯಕ್ಕಾಗಿ ರೂಪಿಸಿದ ವಿಧಾನ ಇದು. ಹಸಿರು ನಳಿಕೆಯ ರಕ್ತವನ್ನು ಸಣ್ಣ ಗುಳಿಗಳಿಗೆ ಹಂಚಿ, ಒಂದಕ್ಕೆ ರೋಗಾಣುವಿನ ಪ್ರೋಟೀನು, ಇನ್ನೊಂದಕ್ಕೆ ಏನೂ ಇಲ್ಲದ ದ್ರಾವಣ, ಮತ್ತೊಂದಕ್ಕೆ ಯಾವ ಟಿ ಕೋಶವನ್ನಾದರೂ ಎಚ್ಚರಿಸುವ ದ್ರವ್ಯ ಸೇರಿಸುತ್ತಾರೆ. 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಮೊದಲೇ ಆ ರೋಗಾಣುವಿನ ಪರಿಚಯ ಇರುವ ಟಿ ಕೋಶಗಳು ಬೆಳಗಾಗುವುದರೊಳಗೆ ಇಂಟರ್‌ಫೆರಾನ್ ಗಾಮಾ ಸುರಿಸಿರುತ್ತವೆ. ಮೇಲಿನ ತಿಳಿಯನ್ನು ತೆಗೆದು, ಪ್ರತಿಕಾಯಕ್ಕೆ ಬಳಸುವಂಥದೇ, ಬಣ್ಣದ ಬದಲಾವಣೆಯಿಂದ ಪ್ರಮಾಣ ತಿಳಿಸುವ ಎಲೈಸಾ ತಟ್ಟೆಯಲ್ಲಿ ಅಳೆಯಬಹುದು. ಮೂರನೆಯ ಗುಳಿಯಲ್ಲೂ ಏನೂ ಬಾರದಿದ್ದರೆ ರಕ್ತ ದಾರಿಯಲ್ಲೇ ಕೆಟ್ಟಿದೆ ಎಂದು ತಿಳಿದು ವರದಿಯನ್ನು ತಿರಸ್ಕರಿಸಬೇಕು.

ಗಮನಿಸಬೇಕಾದದ್ದು ಇದು. ಜೀವಂತ ಕೋಶದ ಅಗತ್ಯವಿರುವುದು ಆ ಒಂದು ರಾತ್ರಿಗೆ ಮಾತ್ರ. ಬೆಳಿಗ್ಗೆ ತೆಗೆದ ತಿಳಿಯನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ನಿಧಾನವಾಗಿ ಕಳಿಸಬಹುದು. ಅಂದರೆ 37 ಡಿಗ್ರಿಯ ಇನ್‌ಕ್ಯುಬೇಟರ್, ಶುಚಿಯಾದ ಮೇಜು, ತರಬೇತಿ ಪಡೆದ ಒಬ್ಬರು, ಕರೆಂಟು ಹೋದರೆ ಒಂದು ರಾತ್ರಿ ತಾಳುವ ಬ್ಯಾಟರಿ, ಇಷ್ಟು ಇದ್ದರೆ ಈ ಪರೀಕ್ಷೆಯ ಕಷ್ಟದ ಭಾಗ ನಮ್ಮ ಜಿಲ್ಲೆಯಲ್ಲೇ ಮುಗಿಯುತ್ತದೆ. ಅಂಕೋಲಾದವರು ಖರ್ಚಿನ ಮಾತು ಆಡಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಗಂಗಾವಳಿ ದಂಡೆಯಿಂದ, ಅಂಕೋಲಾ

ಮೇಡಂ, ಇಷ್ಟೇ ಸಲಕರಣೆ ಸಾಕೆಂದಾದರೆ ನನ್ನ ಆಕ್ಷೇಪ ಬಹಳ ಮಟ್ಟಿಗೆ ಕಡಿಮೆಯಾಯಿತು. ಆದರೆ ಪರೀಕ್ಷೆಯಿಂದ ಬಂದ ಅಂಕಿಯನ್ನು ಏನು ಮಾಡುವುದು? ಇಂಟರ್‌ಫೆರಾನ್ ಹೆಚ್ಚು ಬಂದ ಆಕಳಿಗೆ ರೋಗ ಬರುವುದಿಲ್ಲ ಎಂದು ಬರೆದುಕೊಡಲು ಸಾಧ್ಯವೇ?

ಯಲ್ಲಾಪುರದವನು, ಈಗ ಬೆಂಗಳೂರು

ಸಾಧ್ಯವಿಲ್ಲ, ಮತ್ತು ಆ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಇಂಟರ್‌ಫೆರಾನ್ ಬಂದಿದೆ ಎಂದರೆ ಟಿ ಕೋಶಗಳಿಗೆ ಆ ರೋಗಾಣುವಿನ ನೆನಪಿದೆ ಎಂದಷ್ಟೇ ಅರ್ಥ. ಕ್ಷಯದಲ್ಲಿ ಸೋಂಕು ತಗುಲಿದ ದನದಲ್ಲೂ ಅದು ಏರುತ್ತದೆ. ಆದ್ದರಿಂದಲೇ ಲಸಿಕೆ ಹಾಕಿದ ದನವನ್ನು ಸೋಂಕಿತ ದನದಿಂದ ಬೇರ್ಪಡಿಸಲು ಬಿಸಿಜಿ ಲಸಿಕೆಯ ತಳಿಯಲ್ಲಿ ಇಲ್ಲದ ಈಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳನ್ನು ಪರೀಕ್ಷೆಗೆ ಬಳಸುತ್ತಾರೆ. ಮನುಷ್ಯರಿಗೆ ನೂರು ವರ್ಷದಿಂದ ಕೊಡುತ್ತಿರುವ ಬಿಸಿಜಿಯನ್ನು ದನಗಳಿಗೆ ಕೊಡದೆ ಇದ್ದುದಕ್ಕೆ, ಅದು ಕ್ಷಯದ ಚರ್ಮ ಪರೀಕ್ಷೆಯನ್ನು ಗೊಂದಲಕ್ಕೀಡು ಮಾಡುತ್ತದೆ ಎಂಬುದೇ ಮುಖ್ಯ ಕಾರಣವಾಗಿತ್ತು. 2024ರಲ್ಲಿ ಪ್ರಕಟವಾದ ಇಥಿಯೋಪಿಯಾದ ಅಧ್ಯಯನವೊಂದು, ಬಿಸಿಜಿ ಹಾಕಿದ ದನಗಳ ಹಿಂಡಿನಲ್ಲಿ ಕ್ಷಯ ಹರಡುವುದು ಶೇ. 89ರಷ್ಟು ಕಡಿಮೆಯಾಗಬಹುದೆಂದು ಅಂದಾಜಿಸಿದೆ. ಕ್ಷಯ ಬಂದ ದನವನ್ನು ಕೊಲ್ಲಲಾಗದ ನಮ್ಮಂಥ ದೇಶಕ್ಕೆ ಇದು ಬಹಳ ಮುಖ್ಯವಾದ ಸುದ್ದಿ.

ಒಂದು ಆಕಳ ಭವಿಷ್ಯ ಹೇಳುವುದು ಈ ಪರೀಕ್ಷೆಯ ಉದ್ದೇಶವಲ್ಲ. ಒಂದು ಲಸಿಕೆಯನ್ನು ಅನೇಕ ಆಕಳುಗಳಿಗೆ ಕೊಟ್ಟಾಗ ಎಷ್ಟರಲ್ಲಿ, ಯಾವ ಬಗೆಯ ಕೋಶಗಳು, ಎಷ್ಟು ಕಾಲ ಎಚ್ಚೆತ್ತಿರುತ್ತವೆ ಎಂದು ತಿಳಿದರೆ, ಮುಂದಿನ ಲಸಿಕೆಯಲ್ಲಿ ಯಾವ ಪ್ರೋಟೀನು, ಯಾವ ಸಹೌಷಧ (ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ದ್ರವ್ಯ) ಇರಬೇಕೆಂದು ನಿರ್ಧರಿಸಬಹುದು. ಇಲ್ಲಿ ತಳಿಯ ಪ್ರಶ್ನೆ ಬರುತ್ತದೆ. ಪ್ರೋಟೀನಿನ ಚೂರನ್ನು ಜೀವಕೋಶದ ಮೇಲ್ಮೈಗೆ ತಂದು ತೋರಿಸುವ ಅಣುಗಳು ಪ್ರತಿ ದನದಲ್ಲಿಯೂ ಬೇರೆ ಬೇರೆಯಾಗಿರುತ್ತವೆ. ಹೋಲ್‌ಸ್ಟೀನ್ ಎಂಬ ವಿದೇಶಿ ತಳಿಯ ಒಂದು ಆಕಳ ಟಿ ಕೋಶಗಳು ಗುರುತಿಸುವ ಚೂರನ್ನು ಇನ್ನೊಂದರ ಟಿ ಕೋಶಗಳು ನೋಡದೆಯೇ ಇರಬಹುದು. ಪಾರ್ವಾ ಥೈಲೇರಿಯಾಕ್ಕೆ ಒಂದೆರಡು ಪ್ರೋಟೀನುಗಳಿಂದಲೇ ಲಸಿಕೆ ಮಾಡುವ ಪ್ರಯತ್ನಗಳಿಗೆ ಇದು ದೊಡ್ಡ ತೊಡಕಾಗಿದೆ. ಅದಲ್ಲದೆ ಕರುಗಳ ರಕ್ತದಲ್ಲಿ ಗಾಮಾ ಡೆಲ್ಟಾ ಎಂಬ ಇನ್ನೊಂದು ಬಗೆಯ ಟಿ ಕೋಶಗಳು ಅರ್ಧಕ್ಕೂ ಹೆಚ್ಚಿರಬಹುದು, ಮನುಷ್ಯರಲ್ಲಿ ಅವು ತೀರ ಕಡಿಮೆ. ಇಲಿಯ ಮೇಲೆ, ಮನುಷ್ಯರ ಮೇಲೆ ಮಾಡಿದ ಅಧ್ಯಯನದಿಂದ ದನದ ಲಸಿಕೆಯನ್ನು ಊಹಿಸಲಾಗದು ಎನ್ನುವುದಕ್ಕೆ ಇದೊಂದೇ ಸಾಕು.

ಸಿದ್ದಾಪುರದ ಅಕ್ಕನವರು ಗಿಡ್ಡ ತಳಿಯ ಬಗ್ಗೆ ಕೇಳಿದ್ದಕ್ಕೆ ಹತ್ತಿರದ ಉತ್ತರವೊಂದಿದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಶಿ ತಳಿಯಾದ ಸಾಹಿವಾಲ್ ಮತ್ತು ಹೋಲ್‌ಸ್ಟೀನ್ ಕರುಗಳಿಗೆ ಆನ್ಯುಲೇಟಾ ಸೋಂಕು ತಗುಲಿಸಿ ಹೋಲಿಸಿದರು. ಸೋಂಕು ಎರಡಕ್ಕೂ ಹತ್ತಿತು. ಆದರೆ ಸಾಹಿವಾಲ್ ಕರುಗಳಲ್ಲಿ ಜ್ವರ ಮತ್ತು ಉರಿಯೂತದ ಗುರುತಾದ ಪ್ರೋಟೀನುಗಳು ಬಹಳ ಕಡಿಮೆ ಏರಿದವು, ಅವು ಹೆಚ್ಚು ಉಳಿದವು. ಅಂದರೆ ಹೋಲ್‌ಸ್ಟೀನ್ ಕರುವನ್ನು ಕೊಲ್ಲುವುದರಲ್ಲಿ ಪರಾವಲಂಬಿಯಷ್ಟೇ ಅದರ ಸ್ವಂತ ಕೋಶಗಳ ಅತಿಯಾದ ಪ್ರತಿಕ್ರಿಯೆಯ ಪಾಲೂ ಇದೆ. ಮಲೆನಾಡು ಗಿಡ್ಡದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕು, ಅದಕ್ಕೆ ನಿಮ್ಮ ಕೊಟ್ಟಿಗೆಯಂಥ, ಎರಡೂ ತಳಿಗಳು ಒಂದೇ ಉಣುಗಿಗೆ ಒಡ್ಡಿಕೊಂಡ ಕೊಟ್ಟಿಗೆಗಳಿಗಿಂತ ಒಳ್ಳೆಯ ಜಾಗ ಇಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಶಿರಸಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಅಲ್ಲಿ ತಲುಪುತ್ತದೆ. ಅಲ್ಲಿನ ಅಧ್ಯಾಪಕರಿಗೆ ಸಂಘಗಳ ಕಡೆಯಿಂದ ಬರೆದು ಕೇಳುವುದಾದರೆ, ಯಾವ ಮಾದರಿ, ಎಷ್ಟು ಆಕಳು, ಯಾವ ತಿಂಗಳು ಎಂಬ ಕರಡನ್ನು ನಾನು ಸಿದ್ಧಪಡಿಸಿ ಕೊಡುತ್ತೇನೆ.

ಹೈನುಗಾರ್ತಿ, ಸಿದ್ದಾಪುರ

ನಮ್ಮ ಕೊಟ್ಟಿಗೆಯ ರಕ್ತ ತೆಗೆಯಲು ನನ್ನ ಪೂರ್ಣ ಒಪ್ಪಿಗೆ ಇದೆ. ಕಿವಿಯೋಲೆಯ ಹನ್ನೆರಡು ಅಂಕಿಯ ಸಂಖ್ಯೆಯ ಜೊತೆಗೆ ಯಾವ ಆಕಳಿಗೆ ಯಾವ ತಿಂಗಳು ಜ್ವರ ಬಂದಿತ್ತು ಎಂಬುದನ್ನೂ ಬರೆದಿಟ್ಟಿದ್ದೇನೆ. ನೆರೆಯ ಮನೆಯವರನ್ನೂ ಕೇಳುತ್ತೇನೆ. ಹಾಲು ಇಳಿಯುವ ಮಾತಿಗೆ ಯಾರೂ ಉತ್ತರ ಬರೆದಿಲ್ಲ, ಅದನ್ನೂ ತಿಳಿಸಿದರೆ ಊರಿನಲ್ಲಿ ಹೇಳಲು ಅನುಕೂಲ.

ನಿವೃತ್ತ ಪಶುವೈದ್ಯ, ಕುಮಟಾ

ಅದು ಬಾಕಿ ಉಳಿದಿತ್ತು, ನಿಜ. ಲಸಿಕೆಯ ಎಣ್ಣೆಯ ಅಂಶ ಚುಚ್ಚಿದ ಜಾಗದಲ್ಲಿ ಬೇಕೆಂದೇ ಸಣ್ಣ ಉರಿಯೂತ ಎಬ್ಬಿಸುತ್ತದೆ. ಅಲ್ಲಿಗೆ ಬಂದ ಕೋಶಗಳು ಲಸಿಕೆಯ ಪ್ರೋಟೀನನ್ನು ನುಂಗಿ ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಆ ಗಲಾಟೆಯಲ್ಲಿ ಬಿಡುಗಡೆಯಾಗುವ ದ್ರವ್ಯಗಳಿಂದ ಮೈ ಬಿಸಿಯಾಗುತ್ತದೆ, ಮೇವು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಕಾಲುಬಾಯಿ ಬಂದರೆ ಆ ಸೂಲಿನ ಹಾಲು ಮೊದಲಿನ ಮಟ್ಟಕ್ಕೆ ಬರುವುದೇ ಅಪರೂಪ. ಬಿಸಿಲೇರುವ ಮೊದಲು ಚುಚ್ಚಿಸಿ, ಆ ದಿನ ನೆರಳು, ನೀರು ಚೆನ್ನಾಗಿ ಕೊಡಿ, ದೂರ ನಡೆಸಬೇಡಿ.

ಹಾಲು ಸಂಘದ ಕಾರ್ಯದರ್ಶಿ, ಶಿರಸಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳುತ್ತೇನೆ. ಶಿವಮೊಗ್ಗಕ್ಕೆ ಬರೆಯುವ ಪತ್ರಕ್ಕೆ ನಮ್ಮ ಸಂಘ ಮೊದಲ ಸಹಿ ಹಾಕುತ್ತದೆ, ಕರಡು ಕಳಿಸಿಕೊಡಿ. ಕೊನೆಯದಾಗಿ ಒಂದು ಪ್ರಶ್ನೆ: ಹುಟ್ಟಿದ ಕರುವಿಗೆ ಕೂಡಲೇ ಲಸಿಕೆ ಹಾಕದೆ ನಾಲ್ಕು ತಿಂಗಳು ಕಾಯುವುದೇಕೆ? ಅಷ್ಟರಲ್ಲಿ ರೋಗ ಬಂದರೆ?

ನಿವೃತ್ತ ಪಶುವೈದ್ಯ, ಕುಮಟಾ

ದನಗಳಲ್ಲಿ ತಾಯಿಯ ಪ್ರತಿಕಾಯ ಗರ್ಭದೊಳಗೆ ಕರುವಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆ ಬಹಳ ಮುಖ್ಯ. ಹಾಗೆ ಬಂದ ಪ್ರತಿಕಾಯ ಕರುವನ್ನು ಕೆಲವು ತಿಂಗಳು ಕಾಯುತ್ತದೆ. ಅದು ರಕ್ತದಲ್ಲಿ ಇರುವಾಗ ಲಸಿಕೆ ಹಾಕಿದರೆ ಲಸಿಕೆಯನ್ನೇ ಹಿಡಿದು ನಿಷ್ಫಲ ಮಾಡುತ್ತದೆ. ಅದು ಇಳಿದ ಮೇಲೆ ನಾಲ್ಕನೆಯ ತಿಂಗಳಲ್ಲಿ ಕಾಲುಬಾಯಿಯ ಮೊದಲ ಲಸಿಕೆ, ತಿಂಗಳ ನಂತರ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಗಿಣ್ಣು ಮಾಡಿ ಬೇಯಿಸಿ ಹಂಚುವ ಪದ್ಧತಿ ನಮ್ಮಲ್ಲಿದೆ, ಆದರೆ ಮೊದಲ ಕರಾವಿನದು ಕರುವಿಗೆ ಹೊಟ್ಟೆ ತುಂಬ ಸಿಕ್ಕ ಮೇಲೆಯೇ ಮನೆಗೆ ತೆಗೆಯಬೇಕೆಂದು ಸಭೆಯಲ್ಲಿ ಹೇಳಿ.